ಹಾರ್ಟ್ ವಾಲ್ವ್ ಬದಲಿಸುವ ಮುಂಚೆ, ಬದಲಿಸಿದ ಮೇಲೆ

"ವಾಲ್ವ್ ಚೇಂಜ್ ಮಾಡಿಸ್ಬೇಕು ಅಂದಿದಾರೆ, ಯಾವ್ದು ಹಾಕಿಸಿದ್ರೆ ಒಳ್ಳೇದಕ್ಕಾ?" ಅಂತ ಕೇಳಿಕೊಂಡು ನನ್ನ ಅಂಗಡಿಗೆ ಜನ ಬರುತ್ತಾರೆ. ತಿಪಟೂರಿನಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ನನ್ನದು. ನಲವತ್ತು ದಾಟಿದ ಮೇಲೆ ಬೆಂಗಳೂರಿನ ಜಯದೇವದಲ್ಲಿ ನನ್ನ ಮೈಟ್ರಲ್ ವಾಲ್ವ್ ತೆಗೆದು ಬೇರೆ ಹಾಕಿದರು. ಅದು ಗೊತ್ತಿದ್ದವರು ಇನ್ನೊಬ್ಬರನ್ನು ಕಳಿಸುತ್ತಾರೆ. ಬಂದವರಿಗೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮೂರಿಗೆ ಹತ್ತಿರ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಎಲ್ಲಿ ಮಾಡುತ್ತಾರೆ, ತಿಂಗಳು ತಿಂಗಳು ಅಲ್ಲಿಗೆ ಹೋಗಿ ಬರಲು ನಿಮ್ಮ ಕೈಲಾಗುತ್ತದಾ?

ಯಾಕೆ ಅದನ್ನೇ ಮೊದಲು ಕೇಳುತ್ತೇನೆ ಅನ್ನುವುದು ಓದುತ್ತಾ ಹೋದರೆ ತಿಳಿಯುತ್ತದೆ. ನಾನು ಡಾಕ್ಟರಲ್ಲ. ಕೊನೆಯ ಮಾತು ನಿಮ್ಮ ಎಕೋ, ಅಂದರೆ ಹೃದಯದ ಸ್ಕ್ಯಾನ್, ನೋಡಿದ ಡಾಕ್ಟರದ್ದೇ. ಆದರೆ ಅವರ ಮುಂದೆ ಕೂರುವಾಗ ಏನು ಕೇಳಬೇಕು, ಮನೆಗೆ ಬಂದ ಮೇಲೆ ಯಾವುದರ ಮೇಲೆ ಕಣ್ಣಿಟ್ಟಿರಬೇಕು ಅನ್ನುವುದನ್ನು ಅನುಭವಿಸಿದವರು ಹೇಳಿದರೆ ಸ್ವಲ್ಪ ಸಲೀಸು.

ಮೊದಲು ಎಕೋ ರಿಪೋರ್ಟ್ ಅರ್ಥ ಮಾಡಿಕೊಳ್ಳಿ

ಹೃದಯದಲ್ಲಿ ನಾಲ್ಕು ಕವಾಟ, ಅಂದರೆ ವಾಲ್ವ್. ಕೆಡುವುದು ಹೆಚ್ಚಾಗಿ ಎಡಭಾಗದ ಎರಡು: ಮೈಟ್ರಲ್ ಮತ್ತು ಅಯೋರ್ಟಿಕ್. ಕವಾಟ ಕಿರಿದಾಗಿ ರಕ್ತ ಮುಂದಕ್ಕೆ ಹೋಗದಿದ್ದರೆ ರಿಪೋರ್ಟಿನಲ್ಲಿ ಸ್ಟೆನೋಸಿಸ್ ಅಂತ ಬರೆದಿರುತ್ತಾರೆ. ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರಿದರೆ ರಿಗರ್ಜಿಟೇಷನ್. ನನಗೆ ಎರಡೂ ಇತ್ತು. ಹುಡುಗಿಯಾಗಿದ್ದಾಗ ಗಂಟಲು ನೋವು ಬಂದು, ಆಮೇಲೆ ಮಂಡಿ, ಮೊಣಕೈ ಒಂದಾದ ಮೇಲೊಂದು ಊದಿಕೊಂಡಿದ್ದವು. ಅದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬರುವ ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಮೇಲೆ ಹೋರಾಡಲು ಹೊರಟ ನಮ್ಮದೇ ರೋಗನಿರೋಧಕ ಶಕ್ತಿ ಹೃದಯದ ಕವಾಟಕ್ಕೂ ಪೆಟ್ಟು ಕೊಡುತ್ತದೆ. ಕೀಲು ವಾಸಿಯಾಗುತ್ತದೆ, ಕವಾಟ ಆಗುವುದಿಲ್ಲ. ಎಷ್ಟೋ ವರ್ಷ ಆದ ಮೇಲೆ ಮೆಟ್ಟಿಲು ಹತ್ತುವಾಗ ಮೇಲುಸಿರು ಬಂದು, ರಾತ್ರಿ ಅಂಗಾತ ಮಲಗಲಾರದೆ ಎದ್ದು ಕೂರುವಾಗ ಗೊತ್ತಾಗುತ್ತದೆ. ನಮ್ಮ ಕಡೆ ಚಿಕ್ಕ ವಯಸ್ಸಿಗೇ ವಾಲ್ವ್ ಆಪರೇಷನ್ ಆದವರಲ್ಲಿ ಬಹಳ ಮಂದಿಯ ಕಥೆ ಇದೇ. ವಯಸ್ಸಾದವರಲ್ಲಾದರೆ ಸಾಮಾನ್ಯವಾಗಿ ಅಯೋರ್ಟಿಕ್ ಕವಾಟದಲ್ಲಿ ಸುಣ್ಣದಂಶ ಕೂತು ಬಿಗಿದಿರುತ್ತದೆ.

ಡಾಕ್ಟರನ್ನು ಕೇಳಲೇಬೇಕಾದ ಪ್ರಶ್ನೆ: "ಇದನ್ನು ರಿಪೇರಿ ಮಾಡಲು ಆಗುವುದಿಲ್ಲವಾ?" ಕಿರಿದಾದ ಮೈಟ್ರಲ್ ಕವಾಟ ಇನ್ನೂ ಮೆತ್ತಗಿದ್ದು, ಸೋರಿಕೆ ಹೆಚ್ಚಿಲ್ಲದಿದ್ದರೆ, ಹೃದಯದೊಳಗೆ ರಕ್ತ ಹೆಪ್ಪುಗಟ್ಟಿರದಿದ್ದರೆ, ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಬಿಡಿಸುತ್ತಾರೆ. ಎದೆ ತೆರೆಯುವ ಕೆಲಸವೇ ಇರುವುದಿಲ್ಲ. ಸೋರುವ ಮೈಟ್ರಲ್ ಕವಾಟವನ್ನೂ ಎಷ್ಟೋ ಸಲ ಹೊಲಿದು, ಸುತ್ತ ರಿಂಗ್ ಹಾಕಿ ಸರಿಮಾಡಬಹುದು. ರಿಪೇರಿ ಚೆನ್ನಾಗಿ ಆಗುವಂತಿದ್ದರೆ ಬದಲಿಸುವುದಕ್ಕಿಂತ ಅದೇ ಮೇಲು. ನನ್ನ ಕವಾಟ ಗಟ್ಟಿಯಾಗಿ ದಪ್ಪಗಾಗಿ ಹೋಗಿತ್ತು, ಹಾಗಾಗಿ ಬದಲಿಸದೆ ದಾರಿ ಇರಲಿಲ್ಲ.

ಲೋಹದ್ದೋ, ಜೈವಿಕವೋ

ಆಪರೇಷನ್ನಿಗೆ ಮುಂಚೆ ಸರ್ಜನ್ ಒಂದು ಮಾದರಿ ವಾಲ್ವ್ ತೋರಿಸಿದರು, ಕೈಯಲ್ಲಿ ಹಿಡಿದು ನೋಡಿದೆ. ಗಟ್ಟಿ ಲೋಹದ ಚೌಕಟ್ಟು, ನಡುವೆ ಬಾಗಿ ತೆರೆದು ಮುಚ್ಚುವ ಬಿಳಿ ಬಿಲ್ಲೆ, ಹೊರಗೆ ಸುತ್ತಲೂ ಬಿಳಿ ಪಾಲಿಯೆಸ್ಟರ್ ಬಟ್ಟೆಯ ಅಂಚು. ನನ್ನ ಕಣ್ಣು ಆ ಬಟ್ಟೆಯ ಮೇಲೇ ನಿಂತಿತು. ನೇಯ್ಗೆ ಒತ್ತಾಗಿತ್ತು, ಉಗುರಲ್ಲಿ ಕೆರೆದರೂ ಎಳೆ ಬಿಡಲಿಲ್ಲ. ಸರ್ಜನ್ ಸೂಜಿ ಹಾಕುವುದು ಆ ಬಟ್ಟೆಗೇ. ಸುತ್ತ ಒಂದೊಂದೇ ಹೊಲಿಗೆ ಹಾಕಿ, ಹೃದಯದೊಳಗೆ ಇಳಿಸಿ, ಗಂಟು ಬಿಗಿಯುತ್ತಾರೆ. ಕೆಲವು ತಿಂಗಳಲ್ಲಿ ನಮ್ಮ ಮೈಯ ಅಂಗಾಂಶವೇ ಆ ಬಟ್ಟೆಯೊಳಗೆ ಬೆಳೆದು ಮುಚ್ಚಿಕೊಳ್ಳುತ್ತದೆ ಅಂತ ಹೇಳಿದಾಗ ನನಗೆ ಎಷ್ಟೋ ಧೈರ್ಯ ಬಂತು.

ಅದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯಥಾನ್ ಅವರ ತಂಡ ವರ್ಷಗಟ್ಟಲೆ ದುಡಿದು ಮಾಡಿದ್ದು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಆಮೇಲೆ ಟಿಟಿಕೆ ಕಂಪನಿ ತಯಾರಿಸಿ ಮಾರಾಟಕ್ಕೆ ತಂದಿತು. ಹೊರದೇಶದ ವಾಲ್ವ್ ಕೊಳ್ಳಲಾಗದ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಕೆಲಸ ಮಾಡಿದೆ. ವಲಿಯಥಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು, 2024ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಇದಲ್ಲದೆ ಕಾರ್ಬನ್ನಿನ ಎರಡು ಎಲೆಗಳಿರುವ ವಾಲ್ವ್‌ಗಳೂ ಬಳಕೆಯಲ್ಲಿವೆ. ಇವೆಲ್ಲ ಮೆಕ್ಯಾನಿಕಲ್ ಜಾತಿ. ಸವೆಯುವುದು ತೀರ ಅಪರೂಪ, ಸಾಮಾನ್ಯವಾಗಿ ಜೀವಮಾನಕ್ಕೆ ಸಾಕು. ಆದರೆ ಇವುಗಳ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಬದುಕಿರುವವರೆಗೂ, ಒಂದು ದಿನವೂ ಬಿಡದೆ ತಗೋಬೇಕು.

ಇನ್ನೊಂದು ಜಾತಿ ಜೈವಿಕ ವಾಲ್ವ್, ಆಸ್ಪತ್ರೆಯಲ್ಲಿ ಟಿಶ್ಯೂ ವಾಲ್ವ್ ಅನ್ನುತ್ತಾರೆ. ಹಸುವಿನ ಹೃದಯದ ಸುತ್ತಲಿನ ಪೊರೆಯಿಂದಲೋ, ಹಂದಿಯ ಹೃದಯದ ಕವಾಟದಿಂದಲೋ ಮಾಡಿ, ಸಂಸ್ಕರಿಸಿದ್ದು. ಸಾಮಾನ್ಯವಾಗಿ ಮೊದಲ ಮೂರರಿಂದ ಆರು ತಿಂಗಳು ಮಾತ್ರ ಆ ಮಾತ್ರೆ, ಆಮೇಲೆ ಆಸ್ಪಿರಿನ್ ಸಾಕಾಗುತ್ತದೆ. ಆದರೆ ಇದು ಸವೆಯುತ್ತದೆ. ಹತ್ತು ಹದಿನೈದು ವರ್ಷ ಅಂತ ಹೇಳುತ್ತಾರೆ. ವಯಸ್ಸು ಚಿಕ್ಕದಿದ್ದಷ್ಟೂ ಬೇಗ ಕೆಡುತ್ತದೆ, ಅಯೋರ್ಟಿಕ್ ಜಾಗಕ್ಕಿಂತ ಮೈಟ್ರಲ್ ಜಾಗದಲ್ಲಿ ಬೇಗ. ಕೆಟ್ಟರೆ ಮತ್ತೊಂದು ಆಪರೇಷನ್. ಕೆಲವರಿಗೆ ಹಳೆಯದರೊಳಗೇ ಹೊಸದನ್ನು ರಕ್ತನಾಳದ ಮೂಲಕ ಕೂರಿಸಬಹುದು, ಎಲ್ಲರಿಗೂ ಅದು ಹೊಂದುವುದಿಲ್ಲ.

ಹಸು, ಹಂದಿ ಅಂದಕೂಡಲೇ ಮನಸ್ಸು ಹಿಂದೆ ಸರಿಯುವವರಿದ್ದಾರೆ. ಅದನ್ನು ನುಂಗಿಕೊಂಡು ಕೂರಬೇಡಿ. ಸರ್ಜನ್ನಿಗೆ ಮುಂಚೆಯೇ ಹೇಳಿ, ನಿಮ್ಮ ಗುರುಗಳನ್ನೋ, ಮೌಲ್ವಿಯನ್ನೋ ಕೇಳಬೇಕಾದರೆ ಕೇಳಿ. ಜೀವ ಉಳಿಸಲು ಬೇಕಾದ್ದಕ್ಕೆ ಅಡ್ಡಿಯಿಲ್ಲ ಅನ್ನುವ ಹಿರಿಯರು ಎಲ್ಲ ಧರ್ಮದಲ್ಲೂ ಇದ್ದಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಈ ಕೊರಗು ಬೇಡ.

ವಯಸ್ಸಿನ ಲೆಕ್ಕ ಸ್ಥೂಲವಾಗಿ ಹೀಗಿದೆ. ಐವತ್ತರ ಒಳಗಿನವರಿಗೆ ಮೆಕ್ಯಾನಿಕಲ್ ಕಡೆಗೆ ಡಾಕ್ಟರ್ ಒಲವು. ಅರವತ್ತೈದು ದಾಟಿದವರಿಗೆ ಜೈವಿಕ. ನಡುವಿನವರು ಕೂತು ಮಾತಾಡಬೇಕು. ಮೈಟ್ರಲ್ ಆದರೆ ಅರವತ್ತೈದರವರೆಗೂ ಮೆಕ್ಯಾನಿಕಲ್ ಹೇಳುವುದುಂಟು. ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಮೊದಲೇ ಇದ್ದರೆ ಹೇಗೂ ರಕ್ತ ತೆಳುವಾಗಿಸುವ ಮಾತ್ರೆ ತಪ್ಪುವುದಿಲ್ಲ, ಆಗ ಜೈವಿಕದ ದೊಡ್ಡ ಲಾಭವೇ ಕಡಿಮೆಯಾಗುತ್ತದೆ. ಅಯೋರ್ಟಿಕ್ ಕವಾಟ ಬಿಗಿದ ವೃದ್ಧರಿಗೆ ತೊಡೆಯಿಂದ ವಾಲ್ವ್ ಕಳಿಸಿ ಕೂರಿಸುವ ಟಾವಿ ಅನ್ನುವ ವಿಧಾನ ಇದೆ. 2002ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಮಾಡಿದ್ದು, ಈಗ ಬೆಂಗಳೂರಿನಲ್ಲೂ ಮಾಡುತ್ತಾರೆ. ಖರ್ಚು ಬಹಳ.

ಎಲ್ಲಕ್ಕಿಂತ ಕಷ್ಟದ ಆಯ್ಕೆ ಇನ್ನೂ ಮಕ್ಕಳಾಗಬೇಕಿರುವ ಹೆಣ್ಣುಮಕ್ಕಳದ್ದು. ಮೆಕ್ಯಾನಿಕಲ್ ಹಾಕಿಸಿದರೆ ಆ ಮಾತ್ರೆ, ಅದರಲ್ಲೂ ಬಸುರಿನ ಮೊದಲ ಮೂರು ತಿಂಗಳಲ್ಲಿ, ಮಗುವಿಗೆ ತೊಂದರೆ ಮಾಡಬಹುದು. ಬಿಟ್ಟರೆ ತಾಯಿಯ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಜೈವಿಕ ಹಾಕಿಸಿದರೆ ಬಸುರು ಸಲೀಸು, ಆದರೆ ಚಿಕ್ಕ ವಯಸ್ಸಿಗೆ ಬೇಗ ಸವೆದು ಎರಡನೇ ಆಪರೇಷನ್ ಖಂಡಿತ ಅಂತಲೇ ಇಟ್ಟುಕೊಳ್ಳಬೇಕು. ಇದನ್ನು ಗಂಡನ ಮನೆಯವರು, ಅಪ್ಪನ ಮನೆಯವರು ಸೇರಿ ಹೊರಗೆ ನಿಂತು ತೀರ್ಮಾನ ಮಾಡಬಾರದು. ಆ ಹುಡುಗಿಯನ್ನು ಡಾಕ್ಟರ ಮುಂದೆ ಕೂರಿಸಿ, ಅವಳ ಬಾಯಲ್ಲೇ ಅವಳಿಗೆ ಏನು ಬೇಕು ಅಂತ ಕೇಳಿಸಿ. ನನಗೆ ಇಬ್ಬರು ಮಕ್ಕಳು ಆಗಲೇ ಬೆಳೆದಿದ್ದರು.

ನಾನು ಮೆಕ್ಯಾನಿಕಲ್‌ಗೆ ಒಪ್ಪಿದ್ದು ವಯಸ್ಸಿನ ಕಾರಣಕ್ಕೆ ಮಾತ್ರ ಅಲ್ಲ. ತಿಪಟೂರಿನಲ್ಲಿ ಐಎನ್‌ಆರ್ ಮಾಡುವ ಲ್ಯಾಬ್ ಇದೆ, ಅಂಗಡಿಯಿಂದ ನಡೆದು ಹೋಗುವಷ್ಟು ದೂರ. ಮಾತ್ರೆಯ ಅಂಗಡಿ ಪಕ್ಕದಲ್ಲೇ. ಬಸ್ಸೇ ಸರಿಯಾಗಿ ಬಾರದ ಹಳ್ಳಿಯಲ್ಲಿ ಒಂಟಿಯಾಗಿರುವ, ಓದಲು ಬಾರದ, ಮಾತ್ರೆ ನೆನಪಿಸುವವರಿಲ್ಲದ ಒಬ್ಬ ಹೆಂಗಸಿಗೆ ಇದೇ ವಾಲ್ವ್ ಹಾಕಿದರೆ ಅದೇ ಅಪಾಯವಾಗಬಹುದು. ವಾಲ್ವಿನ ಗುಣಕ್ಕಿಂತ ಅದನ್ನು ನಂಬಿ ನಡೆಸುವ ಬದುಕು ಎಲ್ಲಿ, ಹೇಗಿದೆ ಅನ್ನುವುದನ್ನು ಡಾಕ್ಟರಿಗೆ ನೀವಾಗಿಯೇ ಹೇಳಬೇಕು. ಹತ್ತು ನಿಮಿಷದ ಓಪಿಡಿಯಲ್ಲಿ ಅವರಿಗೆ ಅದು ತಾನಾಗಿ ತಿಳಿಯುವುದಿಲ್ಲ.

ಅಡ್ಮಿಟ್ ಆಗುವ ಮುಂಚೆ

ಹಲ್ಲಿನ ಡಾಕ್ಟರನ್ನು ನೋಡಿ ಬನ್ನಿ. ಹುಳುಕು ಹಲ್ಲು, ಕೀವಾದ ಒಸಡು ಇದ್ದರೆ ಅಲ್ಲಿಂದ ಹೊರಟ ಬ್ಯಾಕ್ಟೀರಿಯಾ ಹೊಸ ವಾಲ್ವಿನ ಮೇಲೆ ಕೂರುತ್ತದೆ. ಕೀಳಿಸಬೇಕಾದ್ದನ್ನು ಮೊದಲೇ ಕೀಳಿಸಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಯಾವ ವಾಲ್ವ್ ಯೋಜನೆಯೊಳಗೆ ಬರುತ್ತದೆ, ಯಾವುದಕ್ಕೆ ಕೈಯಿಂದ ಹಾಕಬೇಕು ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಸ್ಪಷ್ಟವಾಗಿ ಕೇಳಿಕೊಳ್ಳಿ. ರಕ್ತ ಕೊಡುವ ನೆಂಟರಿಷ್ಟರನ್ನು ಗೊತ್ತು ಮಾಡಿಟ್ಟುಕೊಳ್ಳಿ. ಬೀಡಿ, ಸಿಗರೇಟ್ ಇದ್ದರೆ ಇವತ್ತೇ ಬಿಡಿ.

ಹೆಣ್ಣುಮಕ್ಕಳಿಗೆ ಬಟ್ಟೆಯ ಮಾತು ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತೇನೆ. ಗಾಯ ಕತ್ತಿನ ಗುಳಿಯ ಕೆಳಗಿಂದ ಎದೆಮೂಳೆಯ ತುದಿಯವರೆಗೆ ನೇರ ನಡುವಲ್ಲಿ ಬರುತ್ತದೆ. ನಾವು ಹಾಕುವ ಬ್ಲೌಸಿನ ಹುಕ್ಕು ಪಟ್ಟಿ ಕೂರುವುದೂ ಸರಿಯಾಗಿ ಅಲ್ಲೇ. ದಿನವಿಡೀ ಉಜ್ಜಿ ಉರಿಯುತ್ತದೆ. ತಲೆಯ ಮೇಲಿಂದ ಹಾಕುವ ನೈಟಿಯೂ ಬೇಡ, ಕೈ ಮೇಲೆತ್ತಲು ನೋವು. ನಾನು ಆಪರೇಷನ್ ಆಗುವವರಿಗೆ ಹೊಲಿದುಕೊಡುವುದು ಹೀಗೆ: ಒಗೆದು ಮೆತ್ತಗಾದ ಮಲ್ ಬಟ್ಟೆ, ಮುಂದೆ ಒಂದು ಭಾಗದ ಮೇಲೆ ಇನ್ನೊಂದು ಬಂದು ಎಡ ಪಕ್ಕೆಯಲ್ಲಿ ಲಾಡಿ ಕಟ್ಟುವುದು, ನಡುವಲ್ಲಿ ಹೊಲಿಗೆಯ ಗೆರೆಯೇ ಇರಬಾರದು, ಕಂಕುಳು ಒಂದಿಂಚು ಸಡಿಲ. ಎದೆಭಾರ ಹೆಚ್ಚಿರುವವರಿಗೆ ಆಧಾರ ಬೇಕೇ ಬೇಕು. ಇಲ್ಲದಿದ್ದರೆ ಎರಡು ಕಡೆಗೂ ಜಗ್ಗಿ ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ತಂತಿ ಇಲ್ಲದ, ಮುಂದೆ ಬಿಚ್ಚುವ, ಅಗಲ ಪಟ್ಟಿಯ ಕಾಟನ್ ಬ್ರಾ ತಗೊಳ್ಳಿ. ನರ್ಸನ್ನು ಕೇಳಿ ಯಾವಾಗಿನಿಂದ ಹಾಕಬಹುದು ಅಂತ ತಿಳಿದುಕೊಳ್ಳಿ, ನಾಚಿಕೆ ಬೇಡ.

ಐಸಿಯು

ಎಚ್ಚರವಾದಾಗ ಬಾಯಲ್ಲಿ ಪೈಪ್ ಇರುತ್ತದೆ, ಮಾತಾಡಲು ಆಗುವುದಿಲ್ಲ, ಕೈಯನ್ನು ಸಡಿಲವಾಗಿ ಕಟ್ಟಿರಬಹುದು. ಮುಂಚೆ ಗೊತ್ತಿದ್ದರೆ ಗಾಬರಿ ಅರ್ಧ ಕಡಿಮೆ. ಉಸಿರು ಚೆನ್ನಾಗಿ ಬಂದಮೇಲೆ ಅದನ್ನು ತೆಗೆಯುತ್ತಾರೆ. ಎದೆಯ ಕೆಳಗೆ ರಕ್ತ, ನೀರು ಹೊರಹೋಗುವ ಟ್ಯೂಬುಗಳು, ಬಡಿತ ನಿಧಾನವಾದರೆ ನೆರವಾಗಲು ಎಳೆಯಂಥ ತಂತಿಗಳು ಇರುತ್ತವೆ. ಮನೆಯವರು ಒಳಗೆ ನೋಡಲು ಬಂದಾಗ ಮುಖ ಊದಿರುವುದನ್ನು ಕಂಡು ಅಳಬೇಡಿ, ಇಳಿಯುತ್ತದೆ. ಕೆಲವರು, ಅದರಲ್ಲೂ ವಯಸ್ಸಾದವರು, ಒಂದೆರಡು ದಿನ ಏನೇನೋ ಮಾತಾಡುತ್ತಾರೆ, ಅದೂ ಸಾಮಾನ್ಯವಾಗಿ ಹೋಗುತ್ತದೆ.

ನಿಮ್ಮ ಕೈಲಿರುವ ಕೆಲಸ ಎರಡು. ಉಸಿರೆಳೆದು ಚೆಂಡು ಮೇಲೇರಿಸುವ ಮೂರು ಚೆಂಡಿನ ಸ್ಪೈರೋಮೀಟರ್ ಹೇಳಿದಷ್ಟು ಸಲ ಎಳೆಯುವುದು, ದಿಂಬನ್ನು ಎದೆಗೆ ಅವುಚಿ ಹಿಡಿದು ಕೆಮ್ಮಿ ಕಫ ತೆಗೆಯುವುದು. ನೋವಿಗೆ ಹೆದರಿ ಕೆಮ್ಮದಿದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ನೋವಿದ್ದರೆ ಮಾತ್ರೆ ಕೇಳಿ ತಗೊಂಡು ಕೆಮ್ಮಿ.

ಮನೆಗೆ ಬಂದ ಮೇಲೆ

ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಆಮೇಲೆ ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದು ಕೂಡಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿಯವರೆಗೆ ತುಂಬಿದ ಬಿಂದಿಗೆ, ದೊಡ್ಡ ಕುಕ್ಕರ್, ಮೊಮ್ಮಗು ಯಾವುದನ್ನೂ ಎತ್ತುವಂತಿಲ್ಲ. ಬಟ್ಟೆ ಹಿಂಡುವುದು, ಮುದ್ದೆ ತೊಳಸುವುದು, ಕಬ್ಬಿಣದ ಗೇಟ್ ಎಳೆಯುವುದು ಕೂಡ ಎದೆಯನ್ನೇ ಜಗ್ಗುತ್ತವೆ. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು ಎದ್ದೇಳಿ, ಕೈ ಊರಿ ಮೈ ಎಳೆಯಬೇಡಿ. ನೆಲದ ಮೇಲೆ ಮಲಗುವವರು ಕೆಲವು ದಿನ ಮಂಚಕ್ಕೆ ಬನ್ನಿ. ಸ್ಕೂಟರ್, ಬೈಕ್ ಡಾಕ್ಟರ್ ಹೇಳುವವರೆಗೆ ಮುಟ್ಟಬೇಡಿ.

ನಡಿಗೆಯೇ ಮದ್ದು. ಮೊದಲು ಮನೆಯೊಳಗೆ, ಆಮೇಲೆ ಬೀದಿಯ ಕೊನೆಯವರೆಗೆ, ದಿನಕ್ಕಿಷ್ಟು ಅಂತ ಹೆಚ್ಚಿಸಿ. ನಡೆಯುತ್ತಾ ಮಾತಾಡಲು ಆಗುವಷ್ಟು ವೇಗ ಸಾಕು. ಬೆಳಗ್ಗೆ ಎದ್ದು ಮೂತ್ರ ಮಾಡಿದ ಕೂಡಲೇ ತೂಕ ನೋಡಿ ಬರೆದಿಡಿ; ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಕಾಲು ಊದಿದರೆ ಮೈಯಲ್ಲಿ ನೀರು ತುಂಬುತ್ತಿದೆ ಅಂತ, ಫೋನ್ ಮಾಡಿ. ಉಪ್ಪಿನಕಾಯಿ, ಹಪ್ಪಳ ದೂರವಿಡಿ. 100.4 ಡಿಗ್ರಿ ಮೀರಿದ ಜ್ವರ, ಗಾಯದಲ್ಲಿ ಕೀವು, ಕೆಂಪು, ಹೊರಳುವಾಗ ಎದೆಮೂಳೆ ಕಟಕಟ ಅನ್ನುವುದು, ಇದ್ಯಾವುದಾದರೂ ಇದ್ದರೆ ಮುಂದಿನ ಓಪಿಡಿಯವರೆಗೆ ಕಾಯಬೇಡಿ.

ಅಳು ಬರುತ್ತದೆ. ಕಾರಣವಿಲ್ಲದೆ ಬರುತ್ತದೆ. ಊಟ ರುಚಿಸುವುದಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ಎದೆ ತೆರೆದ ಆಪರೇಷನ್ ಆದ ಬಹಳ ಮಂದಿಗೆ ಹೀಗಾಗುತ್ತದೆ, ವಾರಗಳು ಕಳೆದಂತೆ ತಿಳಿಯಾಗುತ್ತದೆ. ಹಾಗೇ ಉಳಿದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ನಮ್ಮತ್ತೆ ಆ ದಿನಗಳಲ್ಲಿ "ಸುಮ್ನೆ ಅತ್ಬಿಡಮ್ಮಾ" ಅಂತ ಪಕ್ಕದಲ್ಲಿ ಕೂರುತ್ತಿದ್ದರು, ಅಷ್ಟೇ ಬೇಕಾಗಿತ್ತು.

ಮಾತ್ರೆ ಮತ್ತು ಐಎನ್‌ಆರ್

ಮೆಕ್ಯಾನಿಕಲ್ ಹಾಕಿಸಿಕೊಂಡವರು ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬಾರದು. ರಕ್ತ ತೆಳುವಾಗಿಸಲು ಅಸಿಟ್ರಾಮ್ ಅಥವಾ ವಾರ್ಫರಿನ್ ಮಾತ್ರೆ ಕೊಡುತ್ತಾರೆ. ಮೈಟ್ರಲ್ ಮೆಕ್ಯಾನಿಕಲ್‌ಗೆ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5, ಅಯೋರ್ಟಿಕ್‌ಗೆ 2ರಿಂದ 3. ನಿಮ್ಮದು ಎಷ್ಟಿರಬೇಕು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಮೊದಮೊದಲು ವಾರವಾರ, ಇಲ್ಲವೇ ಇನ್ನೂ ಬೇಗ ಟೆಸ್ಟ್. ನೆಲೆಗೊಂಡ ಮೇಲೆ ತಿಂಗಳಿಗೊಮ್ಮೆ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಹೊಸದಾಗಿ ಬಂದ, ಟೆಸ್ಟೇ ಬೇಡದ ರಕ್ತ ತೆಳು ಮಾತ್ರೆಗಳಿವೆ ಅಂತ ಯಾರಾದರೂ ಹೇಳಬಹುದು. ಮೆಕ್ಯಾನಿಕಲ್ ವಾಲ್ವ್ ಇದ್ದವರು ಅವನ್ನು ತಗೊಳ್ಳುವಂತಿಲ್ಲ.

ದಿನಾ ಸಂಜೆ ಒಂದೇ ಹೊತ್ತಿಗೆ ತಗೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮರೆತದ್ದು ಅದೇ ದಿನ ನೆನಪಾದರೆ ತಗೊಳ್ಳಿ. ಮಾರನೇ ದಿನ ನೆನಪಾದರೆ ಎರಡು ಒಟ್ಟಿಗೆ ನುಂಗಬೇಡಿ, ಆ ದಿನದ್ದು ಮಾತ್ರ ತಗೊಂಡು ಡಾಕ್ಟರಿಗೆ ತಿಳಿಸಿ.

ಸೊಪ್ಪು ತಿನ್ನಲೇಬಾರದು ಅಂತ ಹೇಳುವವರು ಊರ ತುಂಬ ಸಿಗುತ್ತಾರೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸ ಕುಗ್ಗಿಸುತ್ತದೆ, ನಿಜ. ಆದರೆ ಬೇಕಾಗಿರುವುದು ಸಮ ಪ್ರಮಾಣ. ವಾರಕ್ಕೆ ಎರಡು ದಿನ ದಂಟಿನ ಸೊಪ್ಪಿನ ಬಸ್ಸಾರು ಉಣ್ಣುವ ಮನೆಯಾದರೆ ಪ್ರತಿ ವಾರವೂ ಅಷ್ಟೇ ಉಣ್ಣಿ, ಆ ಊಟಕ್ಕೆ ತಕ್ಕಂತೆ ಡಾಕ್ಟರ್ ಡೋಸ್ ಹೊಂದಿಸುತ್ತಾರೆ. ತಿಂಗಳೆಲ್ಲ ಬಿಟ್ಟು, ಮಳೆ ಬಿದ್ದು ನುಗ್ಗೆ ಚಿಗುರಿತು ಅಂತ ವಾರವಿಡೀ ಅದನ್ನೇ ತಿಂದರೆ ಐಎನ್‌ಆರ್ ಇಳಿಯುತ್ತದೆ. ಉಪವಾಸ, ಭೇದಿ, ಜ್ವರ ಬಂದು ಊಟ ಬಿಟ್ಟಾಗ ಏರುತ್ತದೆ. ಅಂಥ ಹೊತ್ತಲ್ಲಿ ಒಂದು ಟೆಸ್ಟ್ ಹೆಚ್ಚಿಗೆ ಮಾಡಿಸಿ.

ಮೈಕೈ ನೋವಿಗೆ ಡೈಕ್ಲೋಫೆನಾಕ್, ಬ್ರೂಫೆನ್ ಬೇಡ. ಪ್ಯಾರಾಸಿಟಮಾಲ್ ಅನ್ನು ಡಾಕ್ಟರ್ ಹೇಳಿದಷ್ಟು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಕೆಲವು ಆ್ಯಂಟಿಬಯಾಟಿಕ್, ಫಂಗಸ್ ಮಾತ್ರೆಗಳು ಐಎನ್‌ಆರ್ ಅನ್ನು ಸರ್ರನೆ ಏರಿಸುತ್ತವೆ. ಕಷಾಯ, ನಾಟಿ ಔಷಧಿಯೂ ಕೇಳದೆ ಬೇಡ. ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಲು ಬಂದರೆ ತಡೆದು, ವಾಲ್ವ್ ಆಗಿದೆ ಅಂತ ಹೇಳಿ, ಒಳಗೆ ರಕ್ತ ಕಟ್ಟುತ್ತದೆ. ರುಮ್ಯಾಟಿಕ್ ಜ್ವರಕ್ಕೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಗೊಳ್ಳುತ್ತಿದ್ದವರು ಅದನ್ನು ಮುಂದುವರಿಸಬೇಕಾ, ಮಾತ್ರೆಗೆ ಬದಲಿಸಬೇಕಾ ಅಂತ ಹೃದ್ರೋಗ ಡಾಕ್ಟರನ್ನೇ ಕೇಳಿ. ಹಲ್ಲು ಕೀಳಿಸುವ, ಒಸಡಿನ ಕೆಲಸಕ್ಕೆ ಮುಂಚೆ ಆ್ಯಂಟಿಬಯಾಟಿಕ್ ಬೇಕು. ಅದಕ್ಕಾಗಿ ರಕ್ತ ತೆಳು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮುಟ್ಟಿನ ರಕ್ತಸ್ರಾವ ಹೆಚ್ಚಾದರೆ ಸಹಿಸಿಕೊಂಡು ಕೂರದೆ ತೋರಿಸಿ.

ನನ್ನ ಕೆಲಸ ಸೂಜಿ, ಕತ್ತರಿಯದ್ದು. ಸೂಜಿ ಚುಚ್ಚಿದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯುತ್ತೇನೆ, ನಡುವೆ ಬಿಚ್ಚಿ ನೋಡುವುದಿಲ್ಲ. ನಿಲ್ಲುತ್ತದೆ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಮಲ ಕಪ್ಪಾಗಿ ಹೋದರೆ, ಮೂತ್ರ ಕೆಂಪಾದರೆ, ಸಿಡಿಯುವ ತಲೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಬಲ ಕಳಕೊಂಡರೆ ಆ ಗಳಿಗೆಯಲ್ಲೇ ಹೊರಡಿ.

ಮೆಕ್ಯಾನಿಕಲ್ ವಾಲ್ವಿನ ಸಣ್ಣ ಟಿಕ್ ಸದ್ದು ರಾತ್ರಿ ಫ್ಯಾನ್ ನಿಂತಾಗ ಕೇಳಿಸುತ್ತದೆ. ಮೊದಲು ನಿದ್ದೆ ಕೆಡಿಸಿದರೂ ಆಮೇಲೆ ಒಗ್ಗುತ್ತದೆ. ದಿನಾ ಕೇಳುತ್ತಿದ್ದ ಸದ್ದು ಒಮ್ಮೆಲೇ ಮಂಕಾಗಿ, ಉಸಿರುಗಟ್ಟಿದರೆ ವಾಲ್ವ್ ಹೆಪ್ಪಿನಿಂದ ಸಿಕ್ಕಿಕೊಂಡಿರಬಹುದು. ಆಗ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ, 108ಕ್ಕೆ ಫೋನ್ ಮಾಡಿ.

ವಾಲ್ವಿನ ಜೊತೆ ಆಸ್ಪತ್ರೆಯವರು ಕೊಡುವ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಡಿ, ಇನ್ನೊಂದು ಜೆರಾಕ್ಸ್ ಮನೆಯವರ ಹತ್ತಿರ ಇರಲಿ. ಅದರ ಹಿಂದೆ ಕನ್ನಡದಲ್ಲೇ ಬರೆದಿಡಿ: ಯಾವ ವಾಲ್ವ್, ಯಾವ ಜಾಗ, ಯಾವ ವರ್ಷ, ಯಾವ ಮಾತ್ರೆ, ಐಎನ್‌ಆರ್ ಎಷ್ಟಿರಬೇಕು, ಯಾರಿಗೆ ಫೋನ್ ಮಾಡಬೇಕು. ಎಂಆರ್‌ಐ ಮಾಡಿಸುವ ಸಂದರ್ಭ ಬಂದರೆ ಆ ಕಾರ್ಡ್ ತೋರಿಸಿ, ಈಗಿನ ವಾಲ್ವ್‌ಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆಪರೇಷನ್ ಆದ ಒಂದೆರಡು ತಿಂಗಳಲ್ಲಿ ತೆಗೆಸುವ ಎಕೋ ರಿಪೋರ್ಟನ್ನು ಜೋಪಾನವಾಗಿಡಿ. ಮುಂದೆ ಏನೇ ಸಂಶಯ ಬಂದರೂ ಡಾಕ್ಟರ್ ಹೊಸ ಎಕೋವನ್ನು ಹೋಲಿಸಿ ನೋಡುವುದು ಅದರ ಜೊತೆಗೇ.